ಬಿಲ್ಲಿನಲ್ಲಿ ಬರೀ ‘ಕೋಲ್ಡ್ ಕ್ಯಾಪ್’ ಎಂದರೆ ಸಾಲದು

ಮಾನ್ಯ ಸಂಪಾದಕರೇ,

ಕೀಮೋದಿಂದ ಕೂದಲು ಉದುರದಂತೆ ತಂಪು ಟೋಪಿಯಿಂದ (ಕೋಲ್ಡ್ ಕ್ಯಾಪ್) ನೆತ್ತಿಯನ್ನು ತಂಪಾಗಿಡುವ ‘ಸ್ಕ್ಯಾಲ್ಪ್ ಕೂಲಿಂಗ್’ ದೊಡ್ಡ ನಗರಗಳ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತಿದೆ. ಕೊಡಗಿನಿಂದ ಮೈಸೂರು, ಮಂಗಳೂರು, ಬೆಂಗಳೂರಿಗೆ ಕೀಮೋಗೆ ಹೋಗುವವರು ಇದರ ವಿಮೆಯ ಲೆಕ್ಕವನ್ನು ಮೊದಲೇ ತಿಳಿದಿರಬೇಕು. ಹಣ ತಿರಸ್ಕಾರವಾಗುವುದು ಬಹಳ ಸಲ ಬಿಲ್ಲಿನ ಒಂದು ಸಾಲಿನಿಂದ.

ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿ ನೋಡಿ. ವಿಮೆ ಭರಿಸಬೇಕಿಲ್ಲದ ಮೊದಲ ಪಟ್ಟಿಯಲ್ಲಿ ‘ಬ್ಯೂಟಿ ಸರ್ವಿಸಸ್’, ‘ಕೋಲ್ಡ್ ಪ್ಯಾಕ್/ಹಾಟ್ ಪ್ಯಾಕ್’ ಇವೆ. ಕೊಠಡಿ ಬಾಡಿಗೆಯಲ್ಲೇ ಸೇರಿತೆನ್ನುವ ಎರಡನೆಯದರಲ್ಲಿ, ಶೂ ಕವರ್ ಪಕ್ಕದಲ್ಲೇ, ‘ಕ್ಯಾಪ್ಸ್’ ಇದೆ. ಕೌಂಟರಿನಲ್ಲಿ ‘ಕೋಲ್ಡ್ ಕ್ಯಾಪ್ – 1’ ಎಂದು ಟೈಪಿಸಿದರೆ ವಿಮಾ ಕಂಪನಿಯ ಪರವಾಗಿ ಬಿಲ್ಲು ಪರಿಶೀಲಿಸುವ ಟಿಪಿಎಯವರು ಹಿಂದುಮುಂದು ನೋಡದೆ ಆ ಸಾಲನ್ನು ಹೊಡೆದುಹಾಕುತ್ತಾರೆ.

ಇದು ತಲೆಗೆ ಇಡುವ ಐಸ್ ಚೀಲವಲ್ಲ. ಯಂತ್ರದ ತಣ್ಣನೆಯ ದ್ರವ ಟೋಪಿಯೊಳಗೆ ಸುತ್ತುತ್ತಾ ನೆತ್ತಿಯ ಉಷ್ಣತೆಯನ್ನು ಸುಮಾರು 18ರಿಂದ 22 ಡಿಗ್ರಿಗೆ ಇಳಿಸುತ್ತದೆ; ರಕ್ತನಾಳಗಳು ಕುಗ್ಗಿ ಕೂದಲ ಬುಡಕ್ಕೆ ತಲುಪುವ ಔಷಧ ಕಡಿಮೆಯಾಗುತ್ತದೆ. ಡ್ರಿಪ್ಪಿಗೆ ಅರ್ಧ ಗಂಟೆ ಮೊದಲು ಶುರು, ಔಷಧ ಹೋಗುವಷ್ಟು ಹೊತ್ತೂ ಇರಬೇಕು, ಮುಗಿದ ಮೇಲೆ ಔಷಧಕ್ಕೆ ತಕ್ಕಂತೆ ಇನ್ನೂ ಒಂದೂವರೆ ಗಂಟೆ ಆಗಬಹುದು. ಸಂಜೆಯ ಮಡಿಕೇರಿ ಬಸ್ಸು ತಪ್ಪಿತೆಂದೇ ಲೆಕ್ಕ ಹಾಕಿ ಹೊರಡಿ.

ಆದ್ದರಿಂದ ಬಿಲ್ಲಿನಲ್ಲಿ ‘ಕೀಮೋ ಜೊತೆಗಿನ ಸ್ಕ್ಯಾಲ್ಪ್ ಕೂಲಿಂಗ್’ ಎಂದು ಚಿಕಿತ್ಸೆಯ ಹೆಸರಿರಲಿ; ಔಷಧದ ಹೆಸರು, ಶುರುವಾದ ಮತ್ತು ಮುಗಿದ ಸಮಯ, ಯಂತ್ರದ ಶುಲ್ಕ ಬಿಡಿಬಿಡಿಯಾಗಿರಲಿ. ಟೋಪಿ ಅಳತೆ-ಜೋಡಣೆಯ ಶುಲ್ಕ ಬೇರೆ, ಕೀಮೋದ ಪ್ರತಿ ಸುತ್ತಿನದು, ಅಂದರೆ ಸೈಕಲ್‌ನದು, ಬೇರೆ. ಅಮೆರಿಕದಲ್ಲಿ 2021ರಿಂದಲೇ ಈ ಎರಡಕ್ಕೂ ಪ್ರತ್ಯೇಕ ಬಿಲ್ಲಿಂಗ್ ಸಂಕೇತಗಳಿವೆ.

ಹೀಗೆ ಬರೆದ ಮಾತ್ರಕ್ಕೆ ಹಣ ಬಂದೇ ಬರುತ್ತದೆ ಎಂದಲ್ಲ. ಕಂಪನಿ ‘ಕಾಸ್ಮೆಟಿಕ್’ ಎಂದು ಎಕ್ಸ್‌ಕ್ಲೂಷನ್ 08 ಎಂಬ, ವಿಮೆಗೆ ಒಳಪಡದ ಖರ್ಚಿನ ಷರತ್ತನ್ನು ತೋರಿಸಬಹುದು. ಆ ಷರತ್ತು ರೂಪ ಬದಲಿಸುವ ಚಿಕಿತ್ಸೆಯ ಕುರಿತದ್ದು. ಇದು ಕೀಮೋದ ಅಡ್ಡಪರಿಣಾಮ ತಡೆಯುವಂಥದ್ದು ಎಂದು ಆಂಕಾಲಜಿಸ್ಟ್ (ಕ್ಯಾನ್ಸರ್ ವೈದ್ಯರು) ಪತ್ರದಲ್ಲಿ ಬರೆಯಲಿ. ನಿರಾಕರಣೆಯನ್ನು ಷರತ್ತಿನ ಸಂಖ್ಯೆಯೊಂದಿಗೆ ಬರಹದಲ್ಲೇ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಡ.

ಹೆಚ್ಚು ಎಡವುವುದು ಸಮಯದಲ್ಲಿ. ಮೊದಲ ಕೀಮೋದಿಂದಲೇ ತಂಪು ಕೊಡಬೇಕು. ಕೂದಲು ಉದುರತೊಡಗುವುದು ಎರಡು-ಮೂರು ವಾರದ ಮೇಲಾದರೂ ಪೆಟ್ಟು ಬಿದ್ದಿರುವುದು ಆ ಮೊದಲ ದಿನವೇ. ಹಾಗಾಗಿ ವಿಮಾ ಕಂಪನಿಯ ಮುಂಗಡ ಅನುಮತಿಯ ಅರ್ಜಿ ಮೊದಲ ಸೈಕಲ್‌ಗೆ ಮುಂಚೆಯೇ ಹೋಗಬೇಕು.

ರಕ್ತದ ಕ್ಯಾನ್ಸರ್ ಇದ್ದವರಿಗೆ ಇದು ಸಲ್ಲದು. ಉಳಿದವರಲ್ಲೂ ಎಲ್ಲರಿಗೂ ಫಲಿಸುವುದಿಲ್ಲ, ಆಂಥ್ರಾಸೈಕ್ಲಿನ್ ಎಂಬ ಗುಂಪಿನ ಕೀಮೋ ಔಷಧಗಳಲ್ಲಂತೂ ಫಲ ಇನ್ನೂ ಕಡಿಮೆ. ಎಲ್ಲ ಸೈಕಲ್‌ಗಳ ಹಣವನ್ನು ಒಟ್ಟಿಗೆ ಕೇಳುವ ಆಸ್ಪತ್ರೆಯಿಂದ, ನಡುವೆ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಕಟ್ಟುವ ಮೊದಲೇ ಬರೆಸಿಕೊಳ್ಳಿ.

– ಓದುಗರು, ವಿರಾಜಪೇಟೆ