ಪ್ರವಾಸ ಕೈಪಿಡಿ ಇನ್ನೂ ಬೇಕು, ಆದರೆ ಈಗಿರುವ ರೂಪದಲ್ಲಲ್ಲ

ಮಾನ್ಯ ಸಂಪಾದಕರೇ,

ಕಿಸೆಯಲ್ಲಿ ಮೊಬೈಲ್ ಫೋನ್ ಇರುವಾಗ ಐದಾರು ನೂರು ಪುಟಗಳ ಗೈಡ್‌ಬುಕ್ಕನ್ನು ಹೊತ್ತು ತಿರುಗುವ ಅಗತ್ಯವೇನಿದೆ ಎಂಬ ಪ್ರಶ್ನೆ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಅವರ ವಾದದ ಅರ್ಧಭಾಗವನ್ನು ನಾನು ತಕರಾರಿಲ್ಲದೆ ಒಪ್ಪುತ್ತೇನೆ. ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ, ವಸ್ತುಸಂಗ್ರಹಾಲಯಕ್ಕೆ ವಾರದ ರಜೆ ಯಾವ ದಿನ, ವೀಸಾ ನಿಯಮ ಈಚೆಗೆ ಬದಲಾಯಿತೇ, ವಸತಿಗೃಹದಲ್ಲಿ ಕೊಠಡಿ ಖಾಲಿ ಇದೆಯೇ ಎಂಬಂಥ ವಿಚಾರಗಳಲ್ಲಿ ಅಚ್ಚಾದ ಪುಸ್ತಕ ಫೋನಿನೊಡನೆ ಸ್ಪರ್ಧಿಸಲಾರದು, ಸ್ಪರ್ಧಿಸಲೂಬಾರದು. ಲೇಖಕರು ಊರೂರು ತಿರುಗಿ ಬರೆದದ್ದು ಸಂಪಾದನೆ, ನಕ್ಷೆ, ಅಚ್ಚು, ಸಾಗಣೆಗಳನ್ನೆಲ್ಲ ದಾಟಿ ಅಂಗಡಿಯ ಕಪಾಟಿಗೆ ಬರುವಷ್ಟರಲ್ಲಿ ತಿಂಗಳುಗಳು ಉರುಳಿರುತ್ತವೆ. ಅಷ್ಟು ಹೊತ್ತಿಗೆ ಅದರೊಳಗಿನ ದರಪಟ್ಟಿಯಲ್ಲಿ ಎಷ್ಟು ಸಾಲು ನಿಜವಾಗಿ ಉಳಿದಿವೆಯೆಂದು ಯಾರೂ ಭರವಸೆ ಕೊಡಲಾರರು. ಇಷ್ಟನ್ನೇ ನೋಡಿ ಕೈಪಿಡಿಯ ಕಾಲವೇ ಮುಗಿಯಿತೆಂದು ತೀರ್ಪು ಕೊಡುವುದಕ್ಕೆ ಮಾತ್ರ ನನ್ನ ವಿರೋಧವಿದೆ. ಕೈಪಿಡಿಯ ಮುಖ್ಯ ಕೆಲಸ ಯಾವುದು, ಅದರಲ್ಲಿ ಫೋನು ಎಷ್ಟನ್ನು ಮಾಡಿಕೊಡುತ್ತಿದೆ ಎಂಬುದನ್ನು ಒಂದು ಸ್ಥಳವನ್ನು ಹಿಡಿದು ಪರಿಶೀಲಿಸಿದರೆ ಚಿತ್ರ ಬೇರೆಯಾಗುತ್ತದೆ.

ಕಾಂಬೋಡಿಯಾದ ಅಂಕೋರ್ ವಾಟ್ ದೇಗುಲವನ್ನು ತೆಗೆದುಕೊಳ್ಳೋಣ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಸೂರ್ಯವರ್ಮ ಕಟ್ಟಿಸಿದ ಈ ದೇಗುಲದ ಹೊರ ಮೊಗಸಾಲೆಯ ಗೋಡೆಗಳ ಮೇಲೆ ನೂರಾರು ಮೀಟರ್ ಉದ್ದಕ್ಕೆ ಉಬ್ಬುಶಿಲ್ಪಗಳಿವೆ. ಫೋನಿನಲ್ಲಿ ದೇಗುಲದ ಹೆಸರು ಹಾಕಿ ಹುಡುಕಿದರೆ ಸೂರ್ಯೋದಯದ ಚಿತ್ರ ತೆಗೆಯಲು ಕೊಳದ ಯಾವ ಮಗ್ಗುಲಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಹೋದರೆ ಜಾಗ ಸಿಗುತ್ತದೆ, ಎಂಥ ಉಡುಪು ಧರಿಸಬೇಕು ಎಂಬ ಸಲಹೆಗಳು ಸಾಲುಗಟ್ಟಿ ಬರುತ್ತವೆ. ಒಳ್ಳೆಯ ಕೈಪಿಡಿಯ ಪುಟದ ರೀತಿಯೇ ಬೇರೆ. ಒಂದು ಪುಟದಲ್ಲಿ ದೇಗುಲದ ತಳವಿನ್ಯಾಸ, ಅದರ ಮೇಲೆ ಅಂಕಿಗಳು. ಎದುರು ಪುಟದಲ್ಲಿ ಅದೇ ಅಂಕಿಗಳ ಕೆಳಗೆ ಒಂದೊಂದು ಫಲಕದ ವಿವರಣೆ. ದೇಗುಲ ಪಶ್ಚಿಮಾಭಿಮುಖವಾಗಿದೆ, ಪಶ್ಚಿಮದ ಬಾಗಿಲಿನಿಂದ ಬಂದು ಬಲಕ್ಕೆ ತಿರುಗಿ ಎಂದು ಅದು ಹೇಳುತ್ತದೆ. ಹಾಗೆ ತಿರುಗಿದವರಿಗೆ ಮೊದಲು ಕುರುಕ್ಷೇತ್ರದ ಯುದ್ಧ, ಮೂಲೆ ದಾಟಿದರೆ ದಕ್ಷಿಣದ ಗೋಡೆಯಲ್ಲಿ ಸೂರ್ಯವರ್ಮನ ಸೇನೆಯ ಮೆರವಣಿಗೆ, ಅದರಾಚೆ ಸ್ವರ್ಗ ನರಕಗಳು, ಇನ್ನೊಂದು ಮೂಲೆ ದಾಟಿದರೆ ಪೂರ್ವದ ಗೋಡೆಯಲ್ಲಿ ಸಮುದ್ರಮಥನ ಎದುರಾಗುತ್ತದೆ. ಹೀಗೆ ಸಾಗುವವರ ಎಡಗಡೆಗೆ ಗರ್ಭಗುಡಿ ಇರುತ್ತದೆ, ಅಂದರೆ ಇದು ಪ್ರದಕ್ಷಿಣೆಗೆ ವಿರುದ್ಧವಾದ ದಿಕ್ಕು. ಈ ಅಪ್ರದಕ್ಷಿಣ ಕ್ರಮವನ್ನೂ ಪಶ್ಚಿಮದ ದ್ವಾರವನ್ನೂ ಒಟ್ಟಿಗಿಟ್ಟು, ದೇಗುಲಕ್ಕೆ ರಾಜನ ಅಂತ್ಯಸಂಸ್ಕಾರದ ಸಂಬಂಧವಿದ್ದಿರಬೇಕೆಂದು ವಿದ್ವಾಂಸರಲ್ಲಿ ಹಲವರು ವಾದಿಸಿದ್ದಾರೆ. ಇದನ್ನು ತಿಳಿದವರಿಗೂ, ತಿಳಿಯದೆ ಎಡಕ್ಕೆ ತಿರುಗಿದವರಿಗೂ ಕಾಣುವುದು ಅದೇ ಗೋಡೆಗಳೇ. ಆದರೆ ಎಡಕ್ಕೆ ತಿರುಗಿದವರು ಶಿಲ್ಪಿಗಳು ಯೋಚಿಸಿ ಇಟ್ಟ ಕ್ರಮವನ್ನು ಹಿಂದುಮುಂದಾಗಿ ನೋಡಿ ಬರುತ್ತಾರೆ, ಹಾಗೆ ನೋಡಿದೆವೆಂಬುದು ಅವರಿಗೆ ಗೊತ್ತೂ ಆಗುವುದಿಲ್ಲ.

ಇದೆಲ್ಲ ಅಂತರ್ಜಾಲದಲ್ಲೂ ಇದೆಯಲ್ಲ ಎಂದು ಕೇಳುವವರಿದ್ದಾರೆ. ಖಂಡಿತ ಇದೆ, ಕೈಪಿಡಿಗಿಂತ ಎಷ್ಟೋ ಪಾಲು ಹೆಚ್ಚು ವಿವರವಾಗಿಯೇ ಇದೆ. ಆದರೆ ಹುಡುಕಬೇಕಾದರೆ ಏನನ್ನು ಹುಡುಕಬೇಕೆಂದು ಮೊದಲು ತಿಳಿದಿರಬೇಕು. ಮೊಗಸಾಲೆಯನ್ನು ಯಾವ ದಿಕ್ಕಿನಿಂದ ನೋಡಬೇಕೆಂಬ ಪ್ರಶ್ನೆಯೊಂದು ಇದೆ ಎಂಬುದೇ ಗೊತ್ತಿಲ್ಲದವರು ಅದನ್ನು ಫೋನಿಗೆ ಕೇಳುವುದಾದರೂ ಹೇಗೆ? ನಾವು ಕೇಳಿದ್ದಕ್ಕೆ ಉತ್ತರ ಕೊಡುವುದರಲ್ಲಿ ಫೋನಿಗೆ ಸಮನಾದದ್ದಿಲ್ಲ. ನಾವು ಕೇಳಲು ತೋಚದೇ ಇದ್ದದ್ದನ್ನು ಹೇಳುವುದು ಕೈಪಿಡಿಯ ಕೆಲಸ. ಅಂಕೋರ್‌ನ ಸಂರಕ್ಷಣಾಧಿಕಾರಿಯಾಗಿದ್ದ ಫ್ರೆಂಚ್ ವಾಸ್ತುಶಿಲ್ಪಿ ಮಾರಿಸ್ ಗ್ಲೇಜ್ ಅಲ್ಲಿನ ಸ್ಮಾರಕಗಳಿಗಾಗಿ ಬರೆದ ಕೈಪಿಡಿ 1944ರಲ್ಲಿ ಪ್ರಕಟವಾಯಿತು. ಆಮೇಲೆ ಆ ದೇಶ ಸ್ವತಂತ್ರವಾಯಿತು, ಅಂತರ್ಯುದ್ಧದಲ್ಲಿ ನಲುಗಿತು, ಪ್ರವಾಸೋದ್ಯಮವಂತೂ ಗುರುತು ಸಿಗದಷ್ಟು ಬೆಳೆಯಿತು. ಆದರೂ ಗೋಡೆಯ ಮುಂದೆ ನಿಂತವರು ಏನನ್ನು ಗಮನಿಸಬೇಕೆಂದು ಗ್ಲೇಜ್ ಬರೆದ ಮಾತುಗಳನ್ನು ಇಂದಿಗೂ ಓದುತ್ತಾರೆ.

ಹಳತಾಗುತ್ತದೆ ಎಂಬ ಆಕ್ಷೇಪಕ್ಕೆ ಇರುವ ಮಿತಿಯನ್ನು ಇನ್ನೂ ಹಿಂದೆ ಹೋಗಿ ನೋಡಬಹುದು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಪೌಸೇನಿಯಸ್ ಎಂಬ ಪ್ರವಾಸಿ ಗ್ರೀಸ್ ದೇಶವನ್ನು ಸುತ್ತಿ ಹತ್ತು ಸಂಪುಟಗಳ ವಿವರಣೆ ಬರೆದಿಟ್ಟ. ಅಲ್ಲಿನ ಪ್ರಾಚೀನ ನಗರ ಮೈಸೀನಿಯ ರಾಜರ ಸಮಾಧಿಗಳ ಬಗ್ಗೆ ಅವನು ಬರೆದ ಮಾತಿಗೆ ಕೋಟೆಯ ಒಳಗೆ ಎಂದೇ ಅರ್ಥ ಮಾಡಿಕೊಂಡು ಜರ್ಮನಿಯ ಪುರಾತತ್ವ ಸಂಶೋಧಕ ಹೈನ್ರಿಚ್ ಶ್ಲೀಮನ್ 1876ರಲ್ಲಿ ಅಲ್ಲಿ ಅಗೆಸಿದಾಗ ಬಂಗಾರದ ಮುಖವಾಡಗಳಿದ್ದ ಸಮಾಧಿಗಳು ಸಿಕ್ಕಿದವು. ಇನ್ನು ಮಿಷೆಲಿನ್ ಟಯರು ಕಂಪನಿ ಮೋಟಾರು ಸವಾರರಿಗೆಂದು 1900ರಲ್ಲಿ ಆರಂಭಿಸಿದ ಕೈಪಿಡಿಯ ಕಥೆ ನನಗೆ ಬಹಳ ಇಷ್ಟವಾದದ್ದು. ಅದರ ಫ್ರಾನ್ಸ್ ಸಂಪುಟದ 1939ರ ಆವೃತ್ತಿಯನ್ನು ಮಿತ್ರಪಡೆಗಳು 1944ರಲ್ಲಿ ವಾಷಿಂಗ್ಟನ್‌ನಲ್ಲಿ ಮರುಮುದ್ರಣ ಮಾಡಿಸಿ ನಾರ್ಮಂಡಿಯ ಕಾರ್ಯಾಚರಣೆಗೆ ಬಳಸಿದವು. ಐದು ವರ್ಷ ಹಳೆಯ ಹೋಟೆಲ್ ಪಟ್ಟಿಯಿಂದ ಸೈನ್ಯಕ್ಕೆ ಆಗಬೇಕಾದದ್ದೇನೂ ಇರಲಿಲ್ಲ. ಊರೂರಿನ ಬೀದಿಗಳನ್ನು ಅಚ್ಚುಕಟ್ಟಾಗಿ ತೋರಿಸುವ ನಕ್ಷೆಗಳು ಬೇಕಾಗಿದ್ದವು. ಒಂದೇ ಪುಸ್ತಕದಲ್ಲಿ ಒಂದು ಭಾಗ ಸತ್ತು ಇನ್ನೊಂದು ಭಾಗ ಬದುಕಿರುವುದು ಹೀಗೆ.

ಎರಡನೆಯ ವಿಚಾರ ನಂಬಿಕೆಯದು. ಜರ್ಮನಿಯ ಕೊಬ್ಲೆನ್ಜ್‌ನಲ್ಲಿ 1827ರಲ್ಲಿ ಪ್ರಕಾಶನ ಆರಂಭಿಸಿ ಪ್ರವಾಸ ಕೈಪಿಡಿಗಳಿಗೆ ಹೆಸರಾದ ಕಾರ್ಲ್ ಬೇಡೆಕರ್ ಬಗ್ಗೆ ಒಂದು ಪ್ರಸಿದ್ಧ ಕಥೆಯಿದೆ. ಮಿಲಾನ್ ನಗರದ ದೊಡ್ಡ ಚರ್ಚಿನ ಮಾಳಿಗೆಗೆ ಹತ್ತುವ ಮೆಟ್ಟಿಲುಗಳ ಲೆಕ್ಕ ತಪ್ಪಬಾರದೆಂದು ಅವರು ಇಪ್ಪತ್ತು ಮೆಟ್ಟಿಲಿಗೊಮ್ಮೆ ಒಂದು ಬಟಾಣಿ ಕಾಳನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತಿದ್ದರಂತೆ, ಇಳಿಯುವಾಗ ಅದೇ ಲೆಕ್ಕವನ್ನು ಹಿಮ್ಮುಖವಾಗಿ ಪರೀಕ್ಷಿಸುತ್ತಿದ್ದರಂತೆ. ಇದರಲ್ಲಿ ಉತ್ಪ್ರೇಕ್ಷೆ ಎಷ್ಟಿದ್ದರೂ, ಓದುಗರು ಕೈಪಿಡಿಯ ಲೇಖಕನಿಂದ ಏನನ್ನು ನಿರೀಕ್ಷಿಸುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ: ತಾನೇ ಹತ್ತಿ ನೋಡಿರಬೇಕು, ಹೇಳಿದ್ದಕ್ಕೆ ಹೊಣೆಯಾಗಿರಬೇಕು. ಸಾವಿರಾರು ಜನ ಕೊಟ್ಟ ನಕ್ಷತ್ರಗಳ ಸರಾಸರಿಗೆ ಇಂಥ ಹೊಣೆಗಾರ ಯಾರೂ ಇಲ್ಲ. 2017ರಲ್ಲಿ ಲಂಡನ್ನಿನ ಒಬ್ಬ ಬರಹಗಾರ ತನ್ನ ಹಿತ್ತಲಿನ ಷೆಡ್ಡನ್ನು ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರ್ ಎಂಬ ವಿಮರ್ಶೆಗಳ ಜಾಲತಾಣದಲ್ಲಿ ನೋಂದಾಯಿಸಿ, ಪರಿಚಯದವರಿಂದ ಸುಳ್ಳು ವಿಮರ್ಶೆಗಳನ್ನು ಬರೆಸಿ, ಇಲ್ಲದ ರೆಸ್ಟೋರೆಂಟನ್ನು ಆ ಮಹಾನಗರದ ಮೊದಲ ಸ್ಥಾನಕ್ಕೆ ಏರಿಸಿ ತೋರಿಸಿದ.

ಹಾಗೆಂದು ಅಚ್ಚಾದದ್ದೆಲ್ಲ ನಿಜವೆಂದು ನಾನು ಹೇಳುತ್ತಿಲ್ಲ. ಲೋನ್ಲಿ ಪ್ಲಾನೆಟ್ ಎಂಬ ಕೈಪಿಡಿ ಸರಣಿಗೆ ಬರೆಯುತ್ತಿದ್ದ ಒಬ್ಬ ಲೇಖಕ, ಕೊಲಂಬಿಯಾಕ್ಕೆ ಹೋಗದೆಯೇ ಆ ದೇಶದ ಕೈಪಿಡಿಗೆ ಬರೆದೆನೆಂದು 2008ರಲ್ಲಿ ಹೇಳಿದಾಗ ದೊಡ್ಡ ಗದ್ದಲವೇ ಎದ್ದಿತು. ಅವರಿಗೆ ವಹಿಸಿದ್ದು ಇತಿಹಾಸದ ಭಾಗ, ಅದಕ್ಕೆ ಪ್ರಯಾಣ ಬೇಕಿರಲಿಲ್ಲವೆಂದು ಪ್ರಕಾಶಕರು ಸಮಜಾಯಿಷಿ ಕೊಟ್ಟರು. ಸಮಜಾಯಿಷಿ ಎಷ್ಟು ಸರಿ ಎಂಬುದು ಬೇರೆ ಮಾತು, ಆದರೆ ಪುಸ್ತಕದ ಮೇಲೆ ಹೆಸರಿದ್ದುದರಿಂದ ಕೇಳಲು ಒಬ್ಬರಿದ್ದರು, ಉತ್ತರಿಸಲೇಬೇಕಾದ ಸಂಸ್ಥೆಯೊಂದಿತ್ತು. ಈಗಿನ ಅಪಾಯ ಅದಕ್ಕಿಂತ ದೊಡ್ಡದು. ಕೃತಕ ಬುದ್ಧಿಮತ್ತೆಯಿಂದ ಪಠ್ಯ ಬರೆಸಿ, ಇಲ್ಲದ ಲೇಖಕನ ಹೆಸರು, ಸುಳ್ಳು ಭಾವಚಿತ್ರ, ಸುಳ್ಳು ವಿಮರ್ಶೆಗಳೊಂದಿಗೆ ಅಮೆಜಾನ್‌ನಲ್ಲಿ ಪ್ರವಾಸ ಕೈಪಿಡಿಗಳನ್ನು ಮಾರುತ್ತಿರುವುದನ್ನು 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಕಾಗದ, ರಟ್ಟು, ಬಣ್ಣದ ಮುಖಪುಟ ಎಲ್ಲವೂ ಇದ್ದು ಒಳಗೆ ಸ್ಥಳವನ್ನು ನೋಡಿದ ಮನುಷ್ಯನೇ ಇಲ್ಲದ ಇಂಥ ಪುಸ್ತಕಗಳು ಉಳಿದ ಕೈಪಿಡಿಗಳ ಮಾನವನ್ನೂ ಕಳೆಯುತ್ತವೆ.

ಇಷ್ಟಾದರೂ ಈ ವ್ಯಾಪಾರ ನೆಲಕಚ್ಚಿಲ್ಲ ಎಂಬುದಕ್ಕೆ ಫ್ರಾಮರ್ಸ್ ಸರಣಿ ಸಾಕ್ಷಿ. 1957ರಲ್ಲಿ ಅದನ್ನು ಆರಂಭಿಸಿದವರು ಆರ್ಥರ್ ಫ್ರಾಮರ್. ಕೈಬದಲಾಗುತ್ತ ಹೋದ ಆ ಸರಣಿಯನ್ನು 2012ರಲ್ಲಿ ಗೂಗಲ್ ಕೊಂಡುಕೊಂಡಿತು, ಮರುವರ್ಷ ಮುದ್ರಣ ನಿಂತೇ ಹೋಗುತ್ತದೆಂಬ ಸುದ್ದಿ ಹಬ್ಬಿತು. ಆಗ ಎಂಬತ್ತು ದಾಟಿದ್ದ ಫ್ರಾಮರ್ ತಮ್ಮ ಹೆಸರನ್ನು ಗೂಗಲ್‌ನಿಂದ ಮರಳಿ ಪಡೆದು ಪುಸ್ತಕಗಳನ್ನು ಮತ್ತೆ ಅಚ್ಚಿಗೆ ಕಳುಹಿಸಿದರು. ಜಗತ್ತಿನ ಮಾಹಿತಿಯನ್ನೆಲ್ಲ ಒಟ್ಟುಗೂಡಿಸುವ ಸಂಸ್ಥೆಗೆ ಬೇಡವಾದದ್ದು ಓದುಗರಿಗೆ ಬೇಡವಾಗಿರಲಿಲ್ಲ.

ಬ್ಯಾಟರಿ ಮುಗಿಯುವುದು, ಸಿಗ್ನಲ್ ಸಿಗದಿರುವುದು ಮುಂತಾದ ಮಾಮೂಲು ವಾದಗಳನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಪವರ್ ಬ್ಯಾಂಕ್ ಇಟ್ಟುಕೊಂಡು, ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಅವು ಮುಗಿದುಹೋಗುವ ತೊಂದರೆಗಳು. ಕೈಪಿಡಿಗಳಿಂದಾಗಿ ಎಲ್ಲರೂ ಒಂದೇ ಜಾಗಕ್ಕೆ ಮುಗಿಬೀಳುತ್ತಾರೆಂಬ ದೂರೂ ಹಳೆಯದು, ಅದರಲ್ಲಿ ಸತ್ಯವೂ ಇದೆ. ಆದರೆ ಒಂದು ಚಿತ್ರ ಒಂದೇ ವಾರದಲ್ಲಿ ಊರಿಗೆ ಊರನ್ನೇ ಒಂದು ಬಂಡೆಯ ತುದಿಗೆ ಕಳುಹಿಸುವ ಈ ಕಾಲದಲ್ಲಿ ಆ ದೂರನ್ನು ಪುಸ್ತಕದ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಪ್ರಕಾಶಕರಿಗೆ ನನ್ನ ಮನವಿ ಇಷ್ಟು. ಫೋನಿನೊಡನೆ ಸೋಲುವುದು ಖಚಿತವಾದ ಭಾಗವನ್ನು ಅಚ್ಚು ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ವಸತಿ, ಊಟ, ಸಾರಿಗೆಯ ಪಟ್ಟಿಗಳನ್ನು ತೆಗೆದುಬಿಟ್ಟರೆ ಪುಸ್ತಕದ ತೂಕ ಇಳಿದು, ಹಿಡಿದು ನಡೆಯಲು ಯೋಗ್ಯವಾಗುತ್ತದೆ. ಉಳಿಯುವ ಜಾಗದಲ್ಲಿ ತಳವಿನ್ಯಾಸಗಳನ್ನೂ, ನಡೆದು ನೋಡುವ ಕ್ರಮವನ್ನೂ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೆ ಎರಡೂ ಕಡೆಯ ಮಾತನ್ನೂ ಕೊಡಿ. ನೋಡದಿದ್ದರೂ ನಷ್ಟವಿಲ್ಲದ ಜಾಗ ಯಾವುದೆಂದು ಧೈರ್ಯವಾಗಿ ಬರೆಯಿರಿ, ಏಕೆಂದರೆ ಎಲ್ಲವನ್ನೂ ಹೊಗಳುವ ಪುಸ್ತಕ ಆಯ್ಕೆಗೆ ನೆರವಾಗುವುದಿಲ್ಲ. ಯಾವ ಅಧ್ಯಾಯವನ್ನು ಯಾರು ಬರೆದರು, ಯಾವ ತಿಂಗಳಲ್ಲಿ ಅಲ್ಲಿದ್ದರು ಎಂಬುದನ್ನು ಅಧ್ಯಾಯದ ಮೊದಲಲ್ಲೇ ಮುದ್ರಿಸಿ. ಮುದ್ರಣದ ವರ್ಷವನ್ನಷ್ಟೇ ಕಾಣಿಸಿ, ಹಿಂದಿನ ಆವೃತ್ತಿಯ ಪಠ್ಯವನ್ನೇ ತಿದ್ದದೆ ಹೊಸ ರಕ್ಷಾಪುಟದಲ್ಲಿ ಮಾರುವ ಪರಿಪಾಠ ಓದುಗರಿಗೆ ಮಾಡುವ ಮೋಸ. ಗ್ರಂಥಾಲಯಗಳೂ ಹಳೆಯ ಆವೃತ್ತಿಗಳನ್ನು ರದ್ದಿಗೆ ಹಾಕುವ ಮೊದಲು ಯೋಚಿಸಬೇಕು. ಒಂದು ಬೀದಿ, ಒಂದು ಕಟ್ಟಡ ಹಿಂದೆ ಹೇಗಿತ್ತೆಂದು ತಿಳಿಯಲು ಅವಕ್ಕಿಂತ ಸುಲಭದ ದಾಖಲೆ ಇತಿಹಾಸದ ವಿದ್ಯಾರ್ಥಿಗಳಿಗೆ ಸಿಗುವುದು ಅಪರೂಪ.

ಕೊಳ್ಳುವವರಿಗೂ ಒಂದು ಸಲಹೆಯಿದೆ. ಮುಖಪುಟದ ಬಣ್ಣವನ್ನೂ ಹಿಂಬದಿಯ ಪ್ರಶಂಸೆಯನ್ನೂ ಬದಿಗಿಟ್ಟು, ನಿಮಗೆ ಚೆನ್ನಾಗಿ ಪರಿಚಯವಿರುವ ಸ್ಥಳವೊಂದು ಅದರಲ್ಲಿದ್ದರೆ ಆ ಪುಟವನ್ನು ಅಂಗಡಿಯಲ್ಲೇ ನಿಂತು ಓದಿರಿ. ಅಲ್ಲಿ ನಿಜವಾಗಿ ನೋಡಬೇಕಾದದ್ದನ್ನು ಲೇಖಕರು ಗುರುತಿಸಿದ್ದರೆ, ನಿಮಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳಿದ್ದರೆ, ನೀವು ಕಂಡಿರದ ಊರುಗಳ ಬಗ್ಗೆಯೂ ಅವರ ಮಾತನ್ನು ನಂಬಬಹುದು. ಯಾವ ಊರಿಗಾದರೂ ಹೊಂದುವ ವಿಶೇಷಣಗಳಷ್ಟೇ ಅಲ್ಲಿದ್ದರೆ ಪುಸ್ತಕವನ್ನು ಕಪಾಟಿಗೆ ಮರಳಿಸಿ ಫೋನನ್ನೇ ನೆಚ್ಚಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ