ಕುತ್ತಿಗೆಯ ಗಂಟಿಗೆ ಸರಿಯಾದ ಹೆಸರು ಹುಡುಕಿಕೊಟ್ಟವರಿಗೆ

ನಮ್ಮ ರೋಗಿಯ ಕುತ್ತಿಗೆಗಂಟಿನ ಬಯಾಪ್ಸಿ ವರದಿ ಬಂತು: ಕಿಕುಚಿ-ಫುಜಿಮೊಟೊ ಕಾಯಿಲೆ, ಅಂದರೆ ದುಗ್ಧಗ್ರಂಥಿ (ಲಿಂಫ್ ನೋಡ್) ಊದಿಕೊಂಡು ಸಾಮಾನ್ಯವಾಗಿ ತಾನಾಗಿ ವಾಸಿಯಾಗುವ ಅಪರೂಪದ ಕಾಯಿಲೆ. ಟಿಬಿ ಅಲ್ಲ, ಲಿಂಫೋಮಾವೂ (ದುಗ್ಧಗ್ರಂಥಿಯ ಕ್ಯಾನ್ಸರ್) ಅಲ್ಲ. ಈ ಎರಡು 'ಅಲ್ಲ'ಗಳಿಗಾಗಿ ದುಡಿದವರಿಗೆಲ್ಲ ಮೆಡಿಸಿನ್ ವಿಭಾಗದವರಾದ ನಮ್ಮ ವಂದನೆಗಳು.

ಸರ್ಜರಿಯವರು ಇಡೀ ಗಂಟನ್ನೇ, ಹೊರಪೊರೆ ಹರಿಯದಂತೆ ತೆಗೆದುಕೊಟ್ಟರು. ಸೂಜಿಯಲ್ಲಿ ಎಳೆದ ಒಂದಷ್ಟು ಕೋಶಗಳಿಂದ ಈ ಕಾಯಿಲೆಯನ್ನು ಖಚಿತಪಡಿಸುವುದು ಕಷ್ಟ, ಗ್ರಂಥಿಯ ಒಳರಚನೆ ಕಾಣಲೇಬೇಕು. ಗಂಟು ಹೆಚ್ಚಾಗಿ ಏಳುವುದು ಕುತ್ತಿಗೆಯ ಪಕ್ಕದ ಹಿಂಭಾಗದಲ್ಲಿ. ಭುಜ ಎತ್ತಿಸುವ ನರವೂ ಅಲ್ಲೇ, ಚರ್ಮಕ್ಕೆ ಹತ್ತಿರದಲ್ಲೇ ಹಾಯುತ್ತದೆ. ಅದಕ್ಕೆ ಕತ್ತರಿ ತಗುಲಿದರೆ ಕಾಯಿಲೆ ತಾನಾಗಿ ವಾಸಿಯಾದರೂ ಭುಜ ಜೋತುಬೀಳುತ್ತದೆ.

ಥಿಯೇಟರಿನ ಸಿಸ್ಟರ್‌ಗಳು ಎರಡು ಡಬ್ಬಿ ಸಿದ್ಧ ಇಟ್ಟಿದ್ದರು. ದೊಡ್ಡ ಹೋಳು ತನ್ನ ಗಾತ್ರದ ಹತ್ತು ಪಟ್ಟಾದರೂ ಇರುವ 10% ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರಾವಣ), ಒಂದು ಚೂರು ಸ್ಟೆರೈಲ್ ಸಲೈನ್‌ಗೆ (ರೋಗಾಣುರಹಿತ ಉಪ್ಪುನೀರು). ಎಲ್ಲವನ್ನೂ ಫಾರ್ಮಲಿನ್‌ನಲ್ಲಿ ಮುಳುಗಿಸಿದ್ದರೆ ರೋಗಾಣುಗಳು ಸತ್ತು, ಅವನ್ನು ಬೆಳೆಸಿ ನೋಡುವ ಕಲ್ಚರ್ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ 'ಯಾವುದಕ್ಕೂ ಇರಲಿ' ಎಂದು ಆರು ತಿಂಗಳ ಟಿಬಿ ಮಾತ್ರೆ! ನಮ್ಮಲ್ಲಿ ಕುತ್ತಿಗೆಗಂಟು ಎಂದರೆ ಮೊದಲು ಟಿಬಿಯೇ ನೆನಪಾಗುತ್ತದೆ. ಅದು ತಪ್ಪಲ್ಲ, ಪರೀಕ್ಷಿಸದೆ ಅಲ್ಲೇ ನಿಲ್ಲುವುದು ತಪ್ಪು.

ಪೆಥಾಲಜಿಯವರ ಋಣ ದೊಡ್ಡದು. ಸ್ಲೈಡಿನಲ್ಲಿ ಸತ್ತ ಕೋಶಗಳ ತೇಪೆ, ಪುಡಿಯಾದ ನ್ಯೂಕ್ಲಿಯಸ್‌ಗಳು, ಅರ್ಧಚಂದ್ರದಂಥ ನ್ಯೂಕ್ಲಿಯಸ್ ಇರುವ ಹಿಸ್ಟಿಯೋಸೈಟ್‌ಗಳು (ಕಸ ನುಂಗುವ ರಕ್ಷಕ ಕೋಶಗಳು). ಇಷ್ಟು ಹಾಳಾದ ಜಾಗದಲ್ಲೂ ನ್ಯೂಟ್ರೋಫಿಲ್ (ಕೀವಿನಲ್ಲಿ ತುಂಬಿರುವ ಬಿಳಿ ರಕ್ತಕಣ) ಕಾಣಲಿಲ್ಲ; ಅದು ಈ ಕಾಯಿಲೆಯ ಗುರುತು. ಇಲ್ಲದ್ದನ್ನು ಗಮನಿಸುವುದೇ ಇಲ್ಲಿ ಜಾಣತನ. ಸುತ್ತಲಿನ ದೊಡ್ಡ ಟಿ ಕೋಶಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಅವಸರದಲ್ಲಿ ಲಿಂಫೋಮಾ ಎಂದು ಓದಿಬಿಡುವವರುಂಟು. ಇವರು ಕೋಶದ ಬಗೆ ಗುರುತಿಸುವ ಸಿಡಿ68, ಮೈಲೋಪೆರಾಕ್ಸಿಡೇಸ್ ಎಂಬ ಎರಡೂ ಬಣ್ಣಪರೀಕ್ಷೆ ಹಾಕಿ ನೋಡಿದರು, ಆ ಹಿಸ್ಟಿಯೋಸೈಟ್‌ಗಳು ಎರಡಕ್ಕೂ ಬಣ್ಣ ಹಿಡಿದವು; ಇದೂ ಈ ಕಾಯಿಲೆಯ ಲಕ್ಷಣವೇ. 1972ರಲ್ಲಿ ಜಪಾನಿನ ಕಿಕುಚಿ ಮತ್ತು ಫುಜಿಮೊಟೊ ಬೇರೆಬೇರೆಯಾಗಿ ವಿವರಿಸಿದ್ದು ಇದೇ ಕಾಯಿಲೆಯನ್ನು.

ರೋಗಿಯ ಮನೆಯವರಿಗೂ ಕೃತಜ್ಞತೆ. ಜ್ವರ ಬಿಡದಿದ್ದಾಗ 'ಸ್ಟೀರಾಯ್ಡ್ ಕೊಟ್ಟುಬಿಡಿ' ಎನ್ನಲಿಲ್ಲ. ಬಯಾಪ್ಸಿಗೆ ಮೊದಲೇ ಕೊಟ್ಟರೆ ಗಂಟು ಕರಗಿ, ಲಿಂಫೋಮಾ ಇದ್ದರೂ ಮರೆಯಾಗಿಬಿಡಬಹುದು.

ಈಗ ಪ್ಯಾರಾಸಿಟಮಾಲ್, ಬೇಕಾದರೆ ನ್ಯಾಪ್ರೋಕ್ಸೆನ್ ಎಂಬ ನೋವಿನ ಮಾತ್ರೆ. ಸಾಮಾನ್ಯವಾಗಿ ಒಂದರಿಂದ ನಾಲ್ಕು ತಿಂಗಳಲ್ಲಿ ಗಂಟು ಇಳಿಯುತ್ತದೆ. ಕೆಲವರಿಗೆ ಮುಂದೆ ಲೂಪಸ್ (ದೇಹದ ರಕ್ಷಣಾವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ಕಾಣಿಸಿಕೊಳ್ಳುವುದುಂಟು. ಹಾಗಾಗಿ ಲೂಪಸ್ ಸುಳಿವು ಹುಡುಕುವ ಎಎನ್‌ಎ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಫಾಲೋಅಪ್ ಬಿಡಬೇಡಿ. ಮುಖದ ಮೇಲೆ ದದ್ದು, ಕೀಲುನೋವು, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಕೂಡಲೇ ಬನ್ನಿ.

ಪೆಥಾಲಜಿಯವರಲ್ಲಿ ಇನ್ನೊಂದು ಕೋರಿಕೆ: ಬ್ಲಾಕ್‌ಗಳನ್ನು (ಮೇಣದಲ್ಲಿ ಹುದುಗಿಸಿಟ್ಟ ಗಂಟಿನ ಹೋಳುಗಳು) ಜೋಪಾನವಾಗಿಡಿ. ಗಂಟು ಮರುಕಳಿಸಿದರೆ ಮೊದಲು ಕೇಳುವುದು ಅವನ್ನೇ.