ಹೆಸರು ಎರಡು, ಮಾಲೀಕರು ಒಬ್ಬರೇ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಸೀಮೆಯ ನಮ್ಮ ಒಳರಸ್ತೆಯಲ್ಲಿ ಬಹುಕಾಲದಿಂದ ಜಿದ್ದಿಗೆ ಬಿದ್ದು ಓಡುತ್ತಿದ್ದ ಎರಡು ಖಾಸಗಿ ಬಸ್ ಕಂಪನಿಗಳು ಕಳೆದ ವರ್ಷ ಒಂದೇ ಕೈಗೆ ಸೇರಿದವು. ಬಸ್ಸುಗಳ ಬಣ್ಣ ಬದಲಾಗಲಿಲ್ಲ, ಹಣೆಯ ಮೇಲೆ ಬರೆದ ಹೆಸರೂ ಅಳಿಯಲಿಲ್ಲವಾದ್ದರಿಂದ ಮೊದಮೊದಲು ನಮಗೆ ಯಾರಿಗೂ ಇದು ತಿಳಿಯಲಿಲ್ಲ. ತಿಳಿದದ್ದು ಮಳೆಗಾಲದ ಒಂದು ಬೆಳಿಗ್ಗೆ. ತೋಟದ ಉಣುಗೋಲು ದಾಟಿ ಓಡಿಬಂದ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದರೂ ನಾನು ಕುಳಿತಿದ್ದ ಬಸ್ಸು ನಿಲ್ಲಲಿಲ್ಲ. ಬಾಗಿಲಲ್ಲಿದ್ದ ಕಂಡಕ್ಟರ್ "ಹಿಂದಿಂದೂ ನಮ್ದೇ ಬಸ್ಸು ಅಮ್ಮಾ, ಅದ್ರಲ್ಲಿ ಬನ್ನಿ" ಎಂದು ಕೂಗಿದರು. ಅದರ ಹಿಂದಿನ ವರ್ಷ ಇದೇ ಕಂಡಕ್ಟರ್ ಇದೇ ಅಜ್ಜಿಗಾಗಿ ಸೀಟಿ ಊದಿ ಬಸ್ಸು ನಿಲ್ಲಿಸಿ, ಅವರ ಬಾಳೆಗೊನೆಯನ್ನು ತಾವೇ ಎತ್ತಿ ಒಳಗಿಟ್ಟದ್ದನ್ನು ನಾನು ಕಂಡಿದ್ದೇನೆ. ಆಗ ಹಿಂದಿನ ಬಸ್ಸು ಬೇರೆಯವರದಾಗಿತ್ತು.

ಬಸ್ ಕಂಪನಿಗಳು ಒಂದಾದರೆ ಪ್ರಯಾಣಿಕರಿಗೇನು ನಷ್ಟ, ದರವನ್ನು ನಿಗದಿ ಮಾಡುವುದು ಸರ್ಕಾರವಲ್ಲವೇ ಎಂದು ಕೇಳುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 67ನೆಯ ವಿಧಿಯ ಪ್ರಕಾರ ಆ ಅಧಿಕಾರ ರಾಜ್ಯ ಸರ್ಕಾರಕ್ಕೆ ಇರುವುದು ನಿಜ. ಆದರೆ ಬಸ್ಸಿನ ವಿಷಯದಲ್ಲಿ ಪೈಪೋಟಿ ಸತ್ತರೆ ಅದರ ಬೆಲೆಯನ್ನು ನಾವು ಟಿಕೆಟ್ಟಿನಲ್ಲಿ ತೆರುವುದಿಲ್ಲ, ಟೈಮಿಂಗಿನಲ್ಲಿ ತೆರುತ್ತೇವೆ. ನಮ್ಮಲ್ಲಿ ಸಂಜೆ ಏಳೂ ನಲವತ್ತಕ್ಕೆ ತೀರ್ಥಹಳ್ಳಿ ಬಿಡುತ್ತಿದ್ದ ಕೊನೆಯ ಬಸ್ಸನ್ನು ಒಂದು ಕಂಪನಿ ನಡೆಸುತ್ತಿದ್ದದ್ದು ಲಾಭಕ್ಕಲ್ಲ. ಅದನ್ನು ಬಿಟ್ಟರೆ ಆ ಟೈಮಿಂಗನ್ನು ಎದುರಾಳಿ ಹಿಡಿದುಕೊಳ್ಳುತ್ತಾನೆ ಎಂಬ ಅಂಜಿಕೆಗೆ. ಈಗ ಆ ಅಂಜಿಕೆ ಇಲ್ಲ, ಆ ಬಸ್ಸೂ ಇಲ್ಲ. ಅಂಗಡಿ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳು, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾದವರು ಆರೂವರೆಯ ಬಸ್ಸು ತಪ್ಪಿದರೆ ಆಟೋದವರು ಹೇಳಿದಷ್ಟು ಕೊಟ್ಟು ಮನೆ ಸೇರಬೇಕು. ಕಾಲೇಜು ಮಕ್ಕಳಿಗೆ ಎರಡೂ ಕಂಪನಿಗಳು ಪೈಪೋಟಿಯ ಮೇಲೆ ಕೊಡುತ್ತಿದ್ದ ತಿಂಗಳ ಪಾಸಿನ ರಿಯಾಯಿತಿಯೂ ಸದ್ದಿಲ್ಲದೆ ನಿಂತಿದೆ.

ಹಳೆಯ ಪೈಪೋಟಿ ಚೆಂದವಾಗಿತ್ತೆಂದು ನಾನು ಹೇಳುವುದಿಲ್ಲ. ಎರಡು ನಿಮಿಷದ ಟೈಮಿಂಗಿಗಾಗಿ ಬಸ್ ನಿಲ್ದಾಣದಲ್ಲಿ ಏಜೆಂಟರು ಕಾಲರ್ ಹಿಡಿದುಕೊಂಡದ್ದನ್ನೂ, ತಿರುವುಗಳಲ್ಲಿ ಒಂದನ್ನೊಂದು ಹಿಂದೆ ಹಾಕುವ ಬಸ್ಸುಗಳಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತದ್ದನ್ನೂ ನಾವು ಮರೆತಿಲ್ಲ. ಮಾಲೀಕರ ಕಷ್ಟವೂ ಸುಳ್ಳಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸು ಓಡುವ ಹೆದ್ದಾರಿಗಳಲ್ಲಿ ಖಾಸಗಿಯವರ ಕಲೆಕ್ಷನ್ ಇಳಿದಿದೆ. ಅದಕ್ಕೂ ಮೊದಲೇ, 1991ರಲ್ಲಿ ಕಾರ್ಮಿಕರೇ ಸೇರಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಷ್ಟದಿಂದ ಸಂಚಾರ ನಿಲ್ಲಿಸಿದಾಗ, ಅದನ್ನೇ ನಂಬಿದ್ದ ಹಳ್ಳಿಗಳು ಪಟ್ಟ ಪಾಡು ಇಡೀ ಮಲೆನಾಡಿಗೆ ಗೊತ್ತಿದೆ. ಮುಳುಗುವ ಕಂಪನಿಯನ್ನು ಇನ್ನೊಬ್ಬರು ಕೊಂಡು ಉಳಿಸುವುದಾದರೆ ಅದಕ್ಕೆ ಅಡ್ಡ ಬರಬಾರದು. ಆದರೆ ಯಾವುದು ಮುಳುಗುವ ಕಂಪನಿ, ಯಾವುದು ಎದುರಾಳಿಯನ್ನು ಕೊಂಡು ಮುಗಿಸುವ ವ್ಯಾಪಾರ ಎಂದು ನೋಡುವವರು ಒಬ್ಬರಾದರೂ ಬೇಕಲ್ಲವೇ?

ನಮ್ಮ ವ್ಯವಸ್ಥೆಯಲ್ಲಿ ಅಂಥವರು ಸಿಗುವುದು ಕಷ್ಟ. 2002ರ ಸ್ಪರ್ಧಾ ಕಾಯ್ದೆಯಡಿ ಕಂಪನಿಗಳ ವಿಲೀನವನ್ನು ಪರಿಶೀಲಿಸಲು ದೆಹಲಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗವಿದೆ. ಆದರೆ 2024ರಲ್ಲಿ ಪರಿಷ್ಕರಿಸಿದ ಮಿತಿಯಂತೆ, ಕೊಳ್ಳಲಾಗುವ ಸಂಸ್ಥೆಯ ಆಸ್ತಿ 450 ಕೋಟಿ ರೂಪಾಯಿಯನ್ನಾಗಲಿ ವಹಿವಾಟು 1,250 ಕೋಟಿ ರೂಪಾಯಿಯನ್ನಾಗಲಿ ಮೀರದಿದ್ದರೆ ಆಯೋಗಕ್ಕೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವ ಅಗತ್ಯವೇ ಸಾಮಾನ್ಯವಾಗಿ ಬರುವುದಿಲ್ಲ. ಹತ್ತಿಪ್ಪತ್ತು ಬಸ್ಸುಗಳ ಮಲೆನಾಡಿನ ಕಂಪನಿ ಆ ಲೆಕ್ಕದ ಹತ್ತಿರಕ್ಕೂ ಸುಳಿಯದು. ಪ್ರಬಲ ಸ್ಥಾನದ ದುರುಪಯೋಗವಾದರೆ ಯಾರು ಬೇಕಾದರೂ ಆಯೋಗಕ್ಕೆ ಮಾಹಿತಿ ಸಲ್ಲಿಸಬಹುದೆಂದು ಕಾಯ್ದೆ ಹೇಳುತ್ತದೆ. ಏಳೂ ನಲವತ್ತರ ಬಸ್ಸಿಗಾಗಿ ದೆಹಲಿಗೆ ಅರ್ಜಿ ಬರೆಯುವ ಹುಮ್ಮಸ್ಸು ನಮ್ಮೂರಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ಮಾರುಕಟ್ಟೆಯ ಗಾತ್ರವನ್ನು ಕೋಟಿಗಳಲ್ಲಿ ಅಳೆಯುವುದೇ ಇಲ್ಲಿ ತಪ್ಪಾಗುತ್ತದೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಸಾಗರದ ಕಡೆಗೆ ಹೊರಳುತ್ತದೆ, ತೀರ್ಥಹಳ್ಳಿಗೆ ಹಳಿಯೇ ಇಲ್ಲ, ಒಳರಸ್ತೆಗೆ ಸರ್ಕಾರಿ ಬಸ್ಸಿಲ್ಲ. ಹೀಗಿರುವಾಗ ರಸ್ತೆ ಬದಿಯಲ್ಲಿ ಕೊಡೆ ಹಿಡಿದು ನಿಂತವರ ಪಾಲಿಗೆ ಆ ಒಂದು ರಸ್ತೆ, ಆ ಒಂದು ಗಂಟೆಯೇ ಇಡೀ ಮಾರುಕಟ್ಟೆ.

ಇದನ್ನು ಹೀಗೆ ಸಣ್ಣದಾಗಿ ನೋಡಿದ ದೇಶಗಳೂ ಇವೆ. ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನಲ್ಲಿ ನೌಕರರ ಒಡೆತನದಲ್ಲಿದ್ದ ಪ್ರೆಸ್ಟನ್ ಬಸ್ ಸಂಸ್ಥೆಯ ವಿರುದ್ಧ ಸ್ಟೇಜ್‌ಕೋಚ್ ಎಂಬ ದೊಡ್ಡ ಕಂಪನಿ ಪೈಪೋಟಿಗೆ ಇಳಿದು, ಕೊನೆಗೆ 2009ರ ಜನವರಿಯಲ್ಲಿ ಅದನ್ನೇ ಕೊಂಡುಕೊಂಡಿತು. ಅಲ್ಲಿನ ಸ್ಪರ್ಧಾ ಆಯೋಗ ಅದೇ ವರ್ಷ ವಿಚಾರಣೆ ನಡೆಸಿ, ಊರಿನಲ್ಲಿ ಪೈಪೋಟಿ ಕುಂದಿತೆಂದು ತೀರ್ಮಾನಿಸಿ, ಕೊಂಡದ್ದನ್ನು ಮಾರಬೇಕೆಂದು ಹೇಳಿತು. 2011ರಲ್ಲಿ ಅದು ಬೇರೊಂದು ಕಂಪನಿಯ ಪಾಲಾಯಿತು. ಒಂದೇ ಒಂದು ಊರಿನ ಬಸ್ಸುಗಳಿಗಾಗಿ ನಡೆದ ವಿಚಾರಣೆ ಅದು.

ನಮಗೆ ಅಷ್ಟು ದೊಡ್ಡ ವಿಚಾರಣೆಯೇನೂ ಬೇಡ. ಬೇಕಾದ ಕಾನೂನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮೇಜಿನ ಮೇಲೆಯೇ ಇದೆ. ಮೋಟಾರು ವಾಹನ ಕಾಯ್ದೆಯ 82ನೆಯ ವಿಧಿಯಂತೆ ಪರ್ಮಿಟ್ ಕೊಟ್ಟ ಪ್ರಾಧಿಕಾರದ ಅನುಮತಿಯಿಲ್ಲದೆ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ದಿನಕ್ಕೆ ಕನಿಷ್ಠ ಎಷ್ಟು ಟ್ರಿಪ್ ಓಡಿಸಬೇಕೆಂಬ ಷರತ್ತು ಹಾಕಲು 72ನೆಯ ವಿಧಿಯಲ್ಲಿ ಅವಕಾಶವಿದೆ. ವರ್ಗಾವಣೆಯ ಅರ್ಜಿ ಬಂದಾಗ, ಕೊಳ್ಳುವವರು ಅದೇ ರೂಟಿನಲ್ಲಿ ಈಗಾಗಲೇ ಬಸ್ಸು ಓಡಿಸುತ್ತಿದ್ದಾರೆಯೇ ಎಂಬ ಒಂದು ಪ್ರಶ್ನೆಯನ್ನು ಕೇಳಿ, ಹೌದಾದರೆ ಆ ರೂಟಿನ ಬಸ್ ನಿಲ್ದಾಣಗಳಲ್ಲಿ ಕನ್ನಡದಲ್ಲಿ ನೋಟಿಸು ಅಂಟಿಸಿ, ಪ್ರಯಾಣಿಕರ ಅಹವಾಲು ಕೇಳಿ, ಮೊದಲ ಮತ್ತು ಕೊನೆಯ ಬಸ್ಸನ್ನು ಕೈಬಿಡಬಾರದೆಂಬ ಷರತ್ತಿನೊಂದಿಗೆ ಮಾತ್ರ ಅನುಮತಿ ಕೊಡಬಹುದು. ಪರ್ಮಿಟ್ ಹಳೆಯ ಹೆಸರಿನಲ್ಲೇ ಉಳಿದು ಕಂಪನಿಯಷ್ಟೇ ಕೈ ಬದಲಾಯಿಸುವ ಜಾಣತನವೂ ಉಂಟು. ಹಾಗಾಗಿ ಪರ್ಮಿಟ್ ನವೀಕರಣದ ವೇಳೆಯಲ್ಲೂ ನಿಜವಾದ ಮಾಲೀಕರು ಯಾರೆಂದು ಕೇಳಬೇಕು. ಕೈಬಿಟ್ಟ ಟೈಮಿಂಗನ್ನು ಕೆಎಸ್‌ಆರ್‌ಟಿಸಿಗೋ ಹೊಸ ಅರ್ಜಿದಾರರಿಗೋ ಕೂಡಲೇ ಕೊಡಬೇಕು.

ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ ಜಿಲ್ಲಾಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಸಭೆ ಸಂಜೆ ಐದರೊಳಗೆ ಮುಗಿಯುವುದಾದರೆ ನಾವು ಕೆಲವರು ಶಿವಮೊಗ್ಗಕ್ಕೆ ಬಂದು ಅಹವಾಲು ಹೇಳಲು ಸಿದ್ಧರಿದ್ದೇವೆ. ಅದಕ್ಕಿಂತ ತಡವಾದರೆ ಊರಿಗೆ ಮರಳಲು ನಮಗೆ ಬಸ್ಸಿಲ್ಲ.

ಇಂತಿ,
ಒಬ್ಬ ನಿತ್ಯ ಪ್ರಯಾಣಿಕ
ತೀರ್ಥಹಳ್ಳಿ ತಾಲ್ಲೂಕು